ರಬ್ಬರ್ ಮೀನು: ಬಳಸುವ ವಿಧಾನ ಮತ್ತು ಎಚ್ಚರಿಕೆಗಳು

ಗಾಳ ಎಸೆಯುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಓದಿದ ಮೇಲೆ ಮನೆಯಲ್ಲೇ ಬಿಟ್ಟು ಹೊರಡಿ. ನಡುರಾತ್ರಿ ನೆರೂಳಿನ ಜೆಟ್ಟಿಯ ಮೇಲೆ ಹಣೆಗೆ ಟಾರ್ಚು ಕಟ್ಟಿಕೊಂಡು ಪುಸ್ತಕ ಓದುತ್ತಿರುವವನನ್ನು ಕಂಡರೆ ಮೀನಿಗೆ ಏನೂ ಅನ್ನಿಸದೆ ಇರಬಹುದು, ನಾಯಿಗಳಿಗೆ ಅನ್ನಿಸುತ್ತದೆ.

ಯಾರಿಗಾಗಿ ಈ ಕೈಪಿಡಿ

ಠಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳಲ್ಲಿ ಮನೆ ಮಾಡಿಕೊಂಡು, ಊರು ಯಾವುದೆಂದು ಕೇಳಿದರೆ ಗಂಗೊಳ್ಳಿ, ಮರವಂತೆ, ಮಲ್ಪೆ ಎನ್ನುವವರಿಗಾಗಿ. ಅದರಲ್ಲೂ ಬಲೆ ಬಿಟ್ಟು ಪೆನ್ನು ಹಿಡಿದ ಮನೆತನಗಳಿಗಾಗಿ. ನಮ್ಮ ಕಡೆಯ ಮೊಗವೀರರು ಮುಂಬಯಿಯಲ್ಲಿ ವ್ಯವಸ್ಥಾಪಕ ಮಂಡಳಿ ಕಟ್ಟಿದ್ದು 1902ರಲ್ಲಿ. ಆಮೇಲೆ ಬ್ಯಾಂಕು ಕಟ್ಟಿದರು, ಪತ್ರಿಕೆ ನಡೆಸಿದರು. ನನ್ನ ಅಪ್ಪ ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಕೂತು ಮೆಟ್ರಿಕ್ ಪಾಸು ಮಾಡಿದವರು. ಆ ಕಾಲದ ಮುಂಬಯಿ ಕನ್ನಡಿಗರಿಗೆ ರಾತ್ರಿ ಇದ್ದದ್ದು ಓದುವುದಕ್ಕೆ. ಮೀನಿನ ವಾಸನೆಯಿಂದ ಮಗ ತಪ್ಪಿಸಿಕೊಳ್ಳಲಿ ಎಂದು ಅವರು ಅಷ್ಟು ರಾತ್ರಿಗಳನ್ನು ಸುಟ್ಟರು. ಮಗ ಈಗ ಸಂಬಳದ ದುಡ್ಡಿನಲ್ಲಿ ರಬ್ಬರ್ ಮೀನು ಕೊಂಡು, ರಾತ್ರಿ ಹೊತ್ತು, ಉಪ್ಪುನೀರಿನ ಖಾಡಿಯ ಕೆಸರಿನ ಅಂಚಿನಲ್ಲಿ ನಿಂತಿದ್ದಾನೆ. ಅಪ್ಪನಿಗೆ ಈ ಸುದ್ದಿ ಇನ್ನೂ ಮುಟ್ಟಿಸಿಲ್ಲ. ಊರಿನಲ್ಲಿರುವ ಅಜ್ಜಿಗೆ ಗೊತ್ತು.

ಮೀನು ಬುಟ್ಟಿ ತಲೆಯ ಮೇಲಿಟ್ಟುಕೊಂಡು ಮನೆಮನೆ ತಿರುಗಿದ ಅಜ್ಜಿ ಅವಳು. ಕಳೆದ ವರ್ಷ ಊರಿಗೆ ಹೋದಾಗ ಪೊಟ್ಟಣ ಬಿಚ್ಚಿ ತೋರಿಸಿದೆ. ಹಸಿರು ಬೆನ್ನು, ಬಿಳಿ ಹೊಟ್ಟೆ, ಬಾಲದಲ್ಲಿ ಸಣ್ಣ ಹುಟ್ಟಿನಂಥ ತಟ್ಟೆ. ಅಜ್ಜಿ ಎರಡು ಬೆರಳಲ್ಲಿ ಹಿಡಿದು ಹಿಚುಕಿ, ಮೂಸಿ, ವಾಪಸು ಕೊಟ್ಟಳು. "ಮೀನಿಗೆ ಮೀನ್ ಹಾಕುದ್ ಕಂಡಿದೆ ಮಗಾ. ಮೀನಿಗೆ ಚಪ್ಪಲಿ ಹಾಕುದ್ ಇದೇ ಮೊದಲ್."

ಪೆಟ್ಟಿಗೆಯೊಳಗೆ ಏನಿದೆ

ರಬ್ಬರ್ ಮೀನು ಎಂದು ನಾವೆಲ್ಲ ಕರೆದರೂ ಅದು ರಬ್ಬರ್ ಅಲ್ಲ. ಪಿವಿಸಿ ಪುಡಿಗೆ ಮೆದು ಮಾಡುವ ಎಣ್ಣೆ ಬೆರೆಸಿ, ಕಾಯಿಸಿ, ಅಚ್ಚಿಗೆ ಹೊಯ್ದದ್ದು. ನಿಮ್ಮ ಬಚ್ಚಲಿನ ಪೈಪಿಗೆ ಅದು ದೂರದ ತಮ್ಮ. 1949ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಏಕ್ರನ್ ಊರಿನಲ್ಲಿ ನಿಕ್ ಕ್ರೀಮ್ ಎಂಬಾತ ಹೆಂಡತಿಯ ಜೊತೆ ಸೇರಿ ಅಡುಗೆಮನೆಯಲ್ಲಿ ಇಂಥದನ್ನು ಕಾಯಿಸಿ ಮೊದಲ ಮೆದು ಎರೆಹುಳು ಮಾಡಿದ, ಐದಕ್ಕೆ ಒಂದು ಡಾಲರಿನಂತೆ ಮಾರಿದ. ಹೆಂಡತಿ ಅಡುಗೆಮನೆಯ ಒಲೆಯನ್ನು ಈ ಕೆಲಸಕ್ಕೆ ಬಿಟ್ಟುಕೊಟ್ಟಳು ಎಂಬುದೇ ನನಗೆ ಈ ಚರಿತ್ರೆಯಲ್ಲಿ ನಂಬಲು ಕಷ್ಟವಾಗುವ ಭಾಗ.

ಅದರ ಜೊತೆ ಬೇಕಾದವು: ಏಳಡಿಯ, ಎರಡು ತುಂಡಾಗುವ ಹಗುರ ಕೋಲು. ಸಣ್ಣ ಸ್ಪಿನ್ನಿಂಗ್ ರೀಲು. ಹೆಣೆದ ನೂಲು, ಅದರ ತುದಿಗೆ ಒಂದು ಮಾರಿನಷ್ಟು, ನೀರಿನಲ್ಲಿ ಅಷ್ಟಾಗಿ ಕಾಣದ ಫ್ಲೋರೋಕಾರ್ಬನ್ ದಾರ. ಮೂರರಿಂದ ಐದು ಗ್ರಾಂ ಸೀಸದ ತಲೆಯಿರುವ ಕೊಕ್ಕೆ, ಅಂಗಡಿಯಲ್ಲಿ ಜಿಗ್ ಹೆಡ್ ಎಂದು ಕೇಳಿ. ಆ ಸೀಸದ ತಲೆಗೆ ರಬ್ಬರ್ ಮೈಯನ್ನು ಚುಚ್ಚಿ ನೇರ ಕೂರಿಸಬೇಕು. ಸ್ವಲ್ಪ ಸೊಟ್ಟಗಾದರೂ ನೀರಿನಲ್ಲಿ ಅದು ಈಜುವ ಬದಲು ಗಿರಗಿಟ್ಲೆಯಾಗಿ, ನಿಮ್ಮ ನೂಲನ್ನೆಲ್ಲ ಹುರಿ ಮಾಡಿ ಕೊಡುತ್ತದೆ.

ಇವೆಲ್ಲದರ ಬೆಲೆ ಈ ಕೈಪಿಡಿಯಲ್ಲಿ ಮುದ್ರಿಸಿಲ್ಲ. ಮನೆಯಲ್ಲಿ ಓದಿಯಾರು.

ಶೇಖರಣೆಯ ಬಗ್ಗೆ ಒಂದು ಮಾತು. ಮೆದು ಮಾಡುವ ಆ ಎಣ್ಣೆ ಸುಮ್ಮನೆ ಕೂರುವುದಿಲ್ಲ, ಮೆಲ್ಲಗೆ ಹೊರಗೆ ಒಸರುತ್ತಿರುತ್ತದೆ. ಕೆಲವು ಬಗೆಯ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗಳನ್ನು ಅದು ಕರಗಿಸಿಬಿಡುತ್ತದೆ. ಎರಡು ಬೇರೆ ಜಾತಿಯ ರಬ್ಬರ್ ಮೀನುಗಳನ್ನು ಒಟ್ಟಿಗೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಎರಡೂ ಅಂಟಿ ಒಂದೇ ಆಗಿರುತ್ತವೆ. ನಮ್ಮ ಮನೆಯ ಮಸಾಲೆ ಡಬ್ಬಿಯ ತಳ ಹೀಗೆ ಕರಗಿತು. ಮೀನಿಗೆ ರುಚಿಸಲೆಂದು ಕಾರ್ಖಾನೆಯವರು ಬೆಳ್ಳುಳ್ಳಿಯ ವಾಸನೆ ಸೇರಿಸಿದ ಪೊಟ್ಟಣವೊಂದನ್ನು ಫ್ರಿಜ್ಜಿನಲ್ಲಿಟ್ಟ ದಿನ ಒಳಗಿನಿಂದ ದನಿ ಬಂತು: "ಹ್ವಾಯ್, ಈ ಬೆಳ್ಳುಳ್ಳಿ ಬಾಲ ಅಲ್ಲಾಡಿಸ್ತಾ ಇತ್ತಲೆ, ಇದ್ ಎಂತದ್?" ಅಂದಿನಿಂದ ಉಪಕರಣಗಳು ಬೂಟಿನ ಕಪಾಟಿನಲ್ಲಿವೆ.

ಮೀನಿನ ಪರಿಚಯ

ಹಿಡಿಯಬೇಕಾದದ್ದು ಬ್ರೀಮ್. ಗೋವೆಯವರು ಪಾಲು ಎನ್ನುತ್ತಾರೆ. ಬೂದು ಹೊಳಪಿನ, ಎತ್ತರ ಬೆನ್ನಿನ, ಬೆನ್ನ ಮೇಲೆ ಮುಳ್ಳಿನ ಗರಿಯೆತ್ತಿದ ಅಗಲ ಮೀನು. ಸಮುದ್ರದ ನೀರೂ ಹೊಳೆಯ ನೀರೂ ಬೆರೆಯುವ ಅಳಿವೆ ಅದರ ಮನೆ, ಕಾಂಡ್ಲಾ ಗಿಡಗಳ ಬೇರು ಅದರ ಜಗಲಿ. ಬಾಯೊಳಗೆ ನೋಡಿದರೆ ದವಡೆ ಹಲ್ಲುಗಳು ಸಾಲಾಗಿ ಕೂತಿರುತ್ತವೆ, ಹೆಚ್ಚುಕಡಿಮೆ ನಮ್ಮವೇ. ಏಡಿಯ ಚಿಪ್ಪು, ಸಿಂಪಿ, ಜೆಟ್ಟಿಯ ಕಂಬಕ್ಕೆ ಅಂಟಿದ ಚಿಪ್ಪಿನ ಹುಳು, ಎಲ್ಲವನ್ನೂ ಅದು ಅಗಿದು ಪುಡಿ ಮಾಡುತ್ತದೆ. ಅಂಥ ಹಲ್ಲಿಗೆ ನೀವು ಮೆತ್ತಗಿನ ಪಿವಿಸಿ ಒಡ್ಡುತ್ತಿದ್ದೀರಿ ಎಂಬುದು ನೆನಪಿರಲಿ. ಚಕ್ಕುಲಿ ತಿನ್ನುವವನ ಮುಂದೆ ಹತ್ತಿ ಇಟ್ಟ ಹಾಗೆ.

ಇನ್ನೊಂದು ವಿಷಯ: ಈ ಮೀನು ಎಳವೆಯಲ್ಲಿ ಗಂಡಾಗಿದ್ದು, ಬೆಳೆಯುತ್ತ ಹೆಣ್ಣಾಗುವ ಜಾತಿಯದು. ರಾಯಗಡದವರು ಪ್ರಾಣ ಬಿಡುವ ಜಿತಾಡಾ ಕೂಡ ಹಾಗೇ. ದೊಡ್ಡದು ಸಿಕ್ಕಿದರೆ ಅದು ಹೆಣ್ಣಾಗಿರುವ ಸಾಧ್ಯತೆಯೇ ಹೆಚ್ಚು, ಹೊಟ್ಟೆಯಲ್ಲಿ ಮೊಟ್ಟೆಯಿದ್ದರೆ ನೀರಿಗೇ ಬಿಡಿ. ನನ್ನ ಹೆಂಡತಿ ಇದನ್ನು ಕೇಳಿ, ವಯಸ್ಸಾದ ಮೇಲಾದರೂ ಬುದ್ಧಿ ಬರುವ ಜಾತಿ ಎಂದಳು.

ಕಲ್ಯಾಣದ ಹಕ್ಕು

ಯಾರಾದರೂ ನಿಮಗೆ ಈ ಗಾಳದ ಹುಚ್ಚು ಇಂಗ್ಲಿಷರದ್ದು ಎಂದರೆ, ಈ ಭಾಗವನ್ನು ಓದಿ ಹೇಳಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1126ರಿಂದ 1138ರವರೆಗೆ ಆಳಿದವನು. ಅವನು ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ನೂರು ಅಧ್ಯಾಯ. ಅದರಲ್ಲಿ ಅಡುಗೆಯಿದೆ, ಆನೆಯಿದೆ, ಸಂಗೀತವಿದೆ, ಮತ್ತು ಮತ್ಸ್ಯವಿನೋದ ಎಂಬ ಒಂದು ಅಧ್ಯಾಯವಿದೆ. ಯಾವ ಮೀನು ಯಾವ ನೀರಿನದು, ಯಾವುದಕ್ಕೆ ಯಾವ ತಿನಿಸು ಹಾಕಿ ಒಗ್ಗಿಸಬೇಕು, ದಾರ ಹೇಗಿರಬೇಕು, ಗಾಳ ಹೇಗಿರಬೇಕು, ಎಲ್ಲ ರಾಜಠೀವಿಯಲ್ಲಿ. ಗಾಳ ಹಾಕುವವರ ವೇದವೆಂದು ಇಂಗ್ಲಿಷರು ತಲೆಯ ಮೇಲಿಟ್ಟುಕೊಂಡ ಐಸಾಕ್ ವಾಲ್ಟನ್ನನ ಪುಸ್ತಕ ಬಂದದ್ದು 1653ರಲ್ಲಿ. ಅದಕ್ಕೂ ಐದು ಶತಮಾನ ಹಿಂದೆ ನಮ್ಮ ದೊರೆ ಕೋಲು ಹಿಡಿದಾಗಿತ್ತು. ಮೀನುಶಾಸ್ತ್ರದ ದೊಡ್ಡ ಪಂಡಿತ ಸುಂದರಲಾಲ್ ಹೋರಾ 1951ರಲ್ಲಿ ಆ ಅಧ್ಯಾಯವನ್ನು ಹೊರಗೆಳೆದು, ಅದರಲ್ಲಿರುವ ಮೀನುಗಳನ್ನು ಇಂದಿನ ಹೆಸರಿನಿಂದ ಗುರುತಿಸಲು ಕೂತರು.

ಒಂದು ಸಣ್ಣ ತೊಡಕು. ಸೋಮೇಶ್ವರನ ಕಲ್ಯಾಣ ಬೀದರ ಜಿಲ್ಲೆಯ ಬಸವಕಲ್ಯಾಣ, ಸಮುದ್ರದಿಂದ ನೂರಾರು ಮೈಲಿ. ನನ್ನದು ನಮ್ಮ ಡೊಂಬಿವಲಿಯ ಪಕ್ಕದ, ಮಧ್ಯ ರೈಲ್ವೆಯ ಕಲ್ಯಾಣ್ ಜಂಕ್ಷನ್ನಿನ ಕಲ್ಯಾಣ. ಆದರೆ ಹಳೆತನದಲ್ಲಿ ಇದೇನೂ ಕಡಿಮೆಯದಲ್ಲ. ಒಂದನೆಯ ಶತಮಾನದ ಗ್ರೀಕ್ ನಾವಿಕನ ಪುಸ್ತಕದಲ್ಲಿ ಕಲ್ಲಿಯೇನ ಎಂದು ಹೆಸರಿರುವ ಬಂದರು ಇದು, ಕಾನ್ಹೇರಿ ಗುಹೆಗಳಲ್ಲಿ ಇಲ್ಲಿನ ವರ್ತಕರ ದಾನಶಾಸನಗಳಿವೆ. ದುರ್ಗಾಡಿ ಕೋಟೆಯ ಕೆಳಗೆ ನಿಂತು ಉಲ್ಹಾಸ ನದಿಯ ಆ ನೀರನ್ನು ನೋಡಿದರೆ ಹಡಗು ಬರುತ್ತಿದ್ದದ್ದು ನಂಬಬೇಕೆನಿಸುತ್ತದೆ. ಮೀನು ಬರುತ್ತದೆಂದು ನಂಬುವುದೇ ಸ್ವಲ್ಪ ಕಷ್ಟ. ಒಂದು ಹೆಸರಿನ ಎರಡು ಊರು, ಎರಡರಲ್ಲೂ ಗಾಳ ಹಿಡಿದ ಕನ್ನಡಿಗ. ಒಬ್ಬನಿಗೆ ಸಾಮ್ರಾಜ್ಯವಿತ್ತು, ಇನ್ನೊಬ್ಬನಿಗೆ ಲೋಕಲ್ ರೈಲಿನ ಪಾಸು.

ಜಾಗ ಆರಿಸುವುದು

ಡೊಂಬಿವಲಿಯಲ್ಲಿ ಮನೆಯಿದ್ದರೆ ಮೊದಲು ಹೋಗುವುದು ಪಶ್ಚಿಮದ ರೇತಿಬಂದರಿಗೇ. ನಾನೂ ಹೋದೆ. ಅಲ್ಲಿ ನಿಮ್ಮ ರಬ್ಬರ್ ಮೀನನ್ನು ಚಿಲಾಪಿ ಮೂಸಿ ನೋಡಿ ಹೋಗುತ್ತದೆ, ಮೀಸೆಯ ಶಿಂಗಾಳಾ ಕಚ್ಚಿ ಕೈಗೆ ಮುಳ್ಳು ಚುಚ್ಚುತ್ತದೆ. ಬ್ರೀಮಿಗೆ ಉಪ್ಪು ಬೇಕು, ಉಸಿರಾಡಲು ಒಳ್ಳೆಯ ನೀರು ಬೇಕು. ಕಾರ್ಖಾನೆಗಳ ದಯೆಯಿಂದ 2014ರ ಜನವರಿಯಲ್ಲಿ ಹಸಿರು ಮಳೆ ಬಿದ್ದ, 2020ರಲ್ಲಿ ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿದ ಊರು ನಮ್ಮದು. ರಾತ್ರಿ ಮಿನುಗುವ ರಬ್ಬರ್ ಮೀನು ಬೇಕೆಂದು ಅಂಗಡಿಯಲ್ಲಿ ಕೇಳಿದಾಗ, ನೀವು ಡೊಂಬಿವಲಿಯವರಾದರೆ ಸಾದಾ ಸಾಕು ಎಂದು ಅಂಗಡಿಯವ ನಕ್ಕ.

ಆದ್ದರಿಂದ ನೀರಿನ ಇನ್ನೊಂದು ತುದಿಗೆ ಹೋಗಬೇಕು. ಠಾಣೆ ಖಾಡಿ ಸುಮಾರು 26 ಕಿಲೋಮೀಟರ್ ಉದ್ದ, ಮೇಲ್ತುದಿಯಲ್ಲಿ ಸಪೂರವಾಗಿ ಉಲ್ಹಾಸದ ಅಳಿವೆಗೆ ತಾಗಿ, ಕೆಳಗೆ ಅಗಲವಾಗುತ್ತ ಮುಂಬಯಿ ಬಂದರಿಗೆ ಸೇರುತ್ತದೆ. ಕೆಳಗೆ ಹೋದಷ್ಟೂ ಉಪ್ಪು. ಡೊಂಬಿವಲಿಯಿಂದ ಠಾಣೆ, ಅಲ್ಲಿಂದ 2004ರಲ್ಲಿ ತೆರೆದ ಟ್ರಾನ್ಸ್‌ಹಾರ್ಬರ್ ಗಾಡಿ, ನೆರೂಳಿನಲ್ಲಿ ಇಳಿದರೆ ಸಾರ್ಸೋಳೆ ಜೆಟ್ಟಿ, ಬೇಲಾಪುರದಲ್ಲಿ ಇಳಿದರೆ ದಿವಾಳೆ ಕೋಳಿವಾಡೆ. 1970ರಲ್ಲಿ ಸಿಡ್ಕೊ ಬಂದು ನವಿ ಮುಂಬಯಿಯ ನಕ್ಷೆ ಬಿಡಿಸುವುದಕ್ಕೆ ಎಷ್ಟೋ ಮೊದಲಿನಿಂದ ಅಲ್ಲಿ ದೋಣಿ ಕಟ್ಟಿದವರಿದ್ದಾರೆ. ಜೆಟ್ಟಿ ಅವರದು, ನೀವು ನೆಂಟರು. ಕೇಳಿ ನಿಲ್ಲಿ, ದೋಣಿಯ ಹಗ್ಗದ ಮೇಲೆ ಕೊಕ್ಕೆ ಎಸೆಯಬೇಡಿ, ಅವರ ಬಲೆ ಕಂಡಲ್ಲಿಂದ ನೂರು ಹೆಜ್ಜೆ ದೂರ ಹೋಗಿ.

ಐರೋಲಿ ಸೇತುವೆಯಿಂದ ವಾಶಿ ಸೇತುವೆಯವರೆಗಿನ ನೀರಿಗೆ ಮಾತ್ರ ಕೈಹಾಕಬೇಡಿ. ಅದು 2015ರಿಂದ ಫ್ಲೆಮಿಂಗೊ ಅಭಯಾರಣ್ಯ, ಸುಮಾರು 1,690 ಹೆಕ್ಟೇರ್, 2022ರಿಂದ ರಾಮ್ಸರ್ ಪಟ್ಟಿಯಲ್ಲೂ ಇದೆ. ಕಾಂಡ್ಲಾ ಗಿಡದ ಕೊಂಬೆಯನ್ನೂ ಮುರಿಯಬೇಡಿ. ಮಹಾರಾಷ್ಟ್ರದಲ್ಲಿ ಅದಕ್ಕೆ 2005ರಿಂದ ಹೈಕೋರ್ಟಿನ ಕಾವಲಿದೆ. ಕೊಕ್ಕೆ ಸಿಕ್ಕಿಹಾಕಿಕೊಂಡರೆ ನೂಲು ಕತ್ತರಿಸಿ, ಐದು ಗ್ರಾಂ ಸೀಸಕ್ಕಾಗಿ ಮರ ಕಡಿದವನೆಂದು ಹೆಸರು ಬೇಡ. ಸಾಧ್ಯವಾದರೆ ಕೈಗೆಟಕುವ ನೂಲನ್ನು ಸುತ್ತಿ ವಾಪಸು ತನ್ನಿ. ಹಕ್ಕಿಯ ಕಾಲಿಗೆ ಅದು ಸುತ್ತಿಕೊಳ್ಳುತ್ತದೆ.

ಕೆಸರಿನ ವಿಷಯ ಹೇಳುವುದೇ ಬೇಡ. ಇಳಿತದ ಹೊತ್ತು ಅದು ನೆಲದ ಹಾಗೇ ಕಾಣುತ್ತದೆ. ನನ್ನ ಎಡಗಾಲಿನ ಚಪ್ಪಲಿ ಈಗಲೂ ಅಲ್ಲಿಯೇ ಇದೆ. ಮೀನಿಗೆ ಚಪ್ಪಲಿ ಹಾಕುದ್ ಎಂದು ಅಜ್ಜಿ ಹೇಳಿದ್ದು ಅಷ್ಟರ ಮಟ್ಟಿಗೆ ನಿಜವಾಯಿತು.

ಸಮಯ ಜೋಡಣೆ

ಇದೇ ಈ ಕೈಪಿಡಿಯ ಹೃದಯ. ಉಳಿದದ್ದು ಅರ್ಥವಾಗದಿದ್ದರೂ ಇದನ್ನು ಬಿಡಬೇಡಿ.

ಈ ಸೀಮೆಯಲ್ಲಿ ಎಲ್ಲರ ಬದುಕೂ ರೈಲಿನ ಗಡಿಯಾರದ್ದು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಗಾಡಿ ಓಡಿತು, ಮರುವರ್ಷ ಖಾಡಿಗೆ ಸೇತುವೆ ಹಾಕಿ ಕಲ್ಯಾಣಕ್ಕೂ ಬಂತು. ಅಂದಿನಿಂದ ನಮಗೆ ಸೂರ್ಯ ಮುಖ್ಯವಲ್ಲ, 8.47ರ ಫಾಸ್ಟ್ ಮುಖ್ಯ. ಮೀನಿಗೆ 8.47 ಗೊತ್ತಿಲ್ಲ. ಅದರ ಗಡಿಯಾರ ದಿನಕ್ಕೆ ಸುಮಾರು ಐವತ್ತು ನಿಮಿಷ ಹಿಂದೆ ಬೀಳುತ್ತದೆ. ಇಂದು ರಾತ್ರಿ ಹತ್ತಕ್ಕೆ ನೀರು ತುಂಬಿದರೆ ನಾಳೆ ಹತ್ತು ಐವತ್ತಕ್ಕೆ.

ಇಲ್ಲಿನ ಕೋಳಿ ಜನಾಂಗದ ಮೀನುಗಾರರ ಹಳೆಯ ಲೆಕ್ಕವೊಂದಿದೆ. ತಿಥಿಯನ್ನು ಮುಕ್ಕಾಲರಿಂದ ಗುಣಿಸಿ, ಅಷ್ಟು ಗಂಟೆಗೆ ಪೂರ್ಣ ಭರತಿ. ಅಷ್ಟಮಿಯೆಂದರೆ ಎಂಟರ ಮುಕ್ಕಾಲು, ಆರು ಗಂಟೆ. ದ್ವಾದಶಿಗೆ ಒಂಬತ್ತು. ಹುಣ್ಣಿಮೆಗೆ ಹದಿನೈದರ ಮುಕ್ಕಾಲು, ಹನ್ನೊಂದೂಕಾಲು. ಇದು ಮುಂಬಯಿ ಬಂದರಿನ ಲೆಕ್ಕ, ಒಳಗಿನ ಖಾಡಿಗೆ ನೀರು ಏರಿ ಬರುವಷ್ಟರಲ್ಲಿ ಇನ್ನಷ್ಟು ಹೊತ್ತು ಸೇರಿಸಿಕೊಳ್ಳಬೇಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದೊಡ್ಡ ನೀರಿಗೆ ಅವರು ಉಧಾಣ ಎನ್ನುತ್ತಾರೆ, ಅಷ್ಟಮಿಯ ಸಣ್ಣ ನೀರಿಗೆ ಭಾಂಗ. ಮೊಬೈಲಿನಲ್ಲಿ ನಿಮಿಷ ಸಮೇತ ಬರುತ್ತದೆ, ನಿಜ. ಆದರೆ ಗೋಡೆಯ ಕಾಲನಿರ್ಣಯದಲ್ಲಿ ತಿಥಿ ನೋಡಿ ಬೆರಳಲ್ಲಿ ಮುಕ್ಕಾಲು ಎಣಿಸಿ, ಜೆಟ್ಟಿಗೆ ಹೋದಾಗ ನೀರು ಅಲ್ಲೇ ಬಂದು ನಿಂತಿರುವುದನ್ನು ನೋಡುವ ಸುಖ ಮೊಬೈಲಿನಲ್ಲಿಲ್ಲ. ಗಂಗೊಳ್ಳಿಯ ಅಳಿವೆಯಲ್ಲಿ ಅಜ್ಜಿಯ ಮನೆಯವರೂ ಗಡಿಯಾರ ನೋಡಿದವರಲ್ಲ. ಇಡೀ ಡೊಂಬಿವಲಿಯಲ್ಲಿ ನನಗೂ ಅವಳಿಗೂ ಸಮನಾಗಿ ಅರ್ಥವಾಗುವ ಗಡಿಯಾರ ಇದೊಂದೇ.

ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಈಗ ಎರಡು ಬಗೆಯ ಗುರುತುಗಳಿವೆ. ಹಾಲು ಬರದ ದಿನಗಳಿಗೆ ಹೆಂಡತಿಯ ಕೆಂಪು ಗುರುತು, ಉಧಾಣಕ್ಕೆ ನನ್ನ ನೀಲಿ. ತಿಂಗಳ ಕೊನೆಗೆ ಹಾಲಿನವನು ನನ್ನದನ್ನೂ ಕಳೆದು ಲೆಕ್ಕ ಕೊಟ್ಟ.

ಈಗ ಎರಡು ಗಡಿಯಾರಗಳನ್ನೂ ಜೋಡಿಸಿ. ನಡುರಾತ್ರಿಯ ನಂತರ ಗಾಡಿಯಿಲ್ಲ, ಬೆಳಗಿನ ಮೊದಲ ಗಾಡಿಯವರೆಗೆ ಮೂರು ನಾಲ್ಕು ಗಂಟೆ ಜೆಟ್ಟಿಯೇ ಗತಿ. ಆ ಹೊತ್ತಿನಲ್ಲಿ ನೀರು ಓಡುತ್ತಿರಬೇಕು. ನಿಂತ ನೀರಿಗೆ ಬ್ರೀಮ್ ಬರುವುದಿಲ್ಲ. ಅಷ್ಟಮಿಯ ದಿನ ಸಂಜೆ ಆರಕ್ಕೆ ತುಂಬಿದ ನೀರು ನಡುರಾತ್ರಿಗೆ ಪೂರ್ತಿ ಇಳಿದು, ನೀವು ಕೆಸರಿಗೆ ರಬ್ಬರ್ ಮೀನು ಎಸೆಯುತ್ತೀರಿ. ಹುಣ್ಣಿಮೆಗೆ ಹನ್ನೆರಡರ ಸುಮಾರಿಗೆ ತುಂಬಿ, ಬೆಳಗಿನವರೆಗೂ ಇಳಿಯುತ್ತಲೇ ಇರುತ್ತದೆ. ಕಾಂಡ್ಲಾ ಬೇರುಗಳ ನಡುವೆ ಹೊಕ್ಕಿದ್ದ ಚಟ್ಲಿ (ಸಿಗಡಿ), ಏಡಿಮರಿ ಎಲ್ಲ ಆ ಇಳಿನೀರಿನ ಜೊತೆ ಹೊರಗೆ ಬರಬೇಕು. ಓಣಿಯ ಬಾಯಲ್ಲಿ ಬ್ರೀಮ್ ಕಾದಿರುತ್ತದೆ, ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲ ಬಾಯಲ್ಲಿ ರಿಕ್ಷಾದವರು ಕಾದಿರುವ ಹಾಗೆ.

ರಾತ್ರಿಯಿಡೀ ಎಚ್ಚರವಿರುವುದು ಹೇಗೆ ಎಂದು ಕೇಳುವವರಿದ್ದಾರೆ. ಚೌಕಿಪೂಜೆಯಿಂದ ಮಂಗಳದವರೆಗೆ ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ಈ ಪ್ರಶ್ನೆ ಬರುವುದಿಲ್ಲ. ಈಗ ಆಟವೂ ಕಾಲಮಿತಿಯಾಗಿ ಬೇಗ ಮುಗಿಯುವುದರಿಂದ, ರಾತ್ರಿ ಮನೆಯಿಂದ ಹೊರಗಿರಲು ನಮ್ಮಲ್ಲಿದ್ದ ಒಂದೇ ಮರ್ಯಾದೆಯ ನೆಪವೂ ಹೋಯಿತು.

ಚಾಲನೆ

ದೀಪದ ಕಂಬದ ಕೆಳಗೆ ನಿಲ್ಲಿ, ಆದರೆ ಬೆಳಕಿನೊಳಗೆ ಎಸೆಯಬೇಡಿ. ಬೆಳಕಿಗೆ ಸಣ್ಣ ಮೀನು, ಚಟ್ಲಿ ಕೂಡುತ್ತವೆ, ತಿನ್ನಲು ಬಂದವು ಬೆಳಕು ಮುಗಿದು ಕತ್ತಲು ಶುರುವಾಗುವ ಗೆರೆಯಲ್ಲಿ ನಿಂತಿರುತ್ತವೆ. ಗೆರೆಯಾಚೆ ಎಸೆದು, ಗೆರೆ ದಾಟಿಸಿ ಎಳೆಯಿರಿ.

ಎಸೆದ ಮೇಲೆ ತಳ ಮುಟ್ಟುವವರೆಗೆ ಬಿಡಿ. ನೂಲು ಸಡಿಲವಾದಾಗ ಕೋಲಿನ ತುದಿಯನ್ನು ಎರಡು ಸಲ ಮೆಲ್ಲಗೆ ಎತ್ತಿ, ಮತ್ತೆ ಬೀಳಲು ಬಿಡಿ. ಹೆಚ್ಚಿನ ಸಲ ಮೀನು ಬಾಯಿ ಹಾಕುವುದು ಅದು ಬೀಳುವಾಗಲೇ. ಆಮೇಲೆ ಸುಮ್ಮನಿರಿ. ಒಂದು, ಎರಡು, ಮೂರು ಎಣಿಸಿ. ಹೊಸಬರು ಇಲ್ಲಿ ಸೋಲುತ್ತಾರೆ, ಸುಮ್ಮನಿರುವ ಅಭ್ಯಾಸ ಮುಂಬಯಿಯಲ್ಲಿ ಯಾರಿಗೂ ಇಲ್ಲ. ಖಾಡಿಯ ನೀರು ಚಹಾದಂತೆ ಕದಡಿರುವುದರಿಂದ ಕಣ್ಣಿಗಿಂತ ಮೈಯೇ ಮೀನಿಗೆ ಹೆಚ್ಚು ಹೇಳುತ್ತದೆ. ಅದರ ಪಕ್ಕೆಯುದ್ದಕ್ಕೂ ಒಂದು ಗೆರೆಯಿದೆ, ನೀರಿನ ನಡುಕ ಅದಕ್ಕೆ ತಾಗುತ್ತದೆ. ರಬ್ಬರ್ ಬಾಲದಲ್ಲಿ ತಟ್ಟೆ ಇರುವುದು ಆ ನಡುಕಕ್ಕಾಗಿ. ಬಣ್ಣ ಕಡುಗಪ್ಪೋ ಕಡುನೇರಳೆಯೋ ಇರಲಿ, ಮಸುಕು ಬೆಳಕಿನಲ್ಲಿ ನೆರಳಾಗಿಯಾದರೂ ಕಾಣಿಸುತ್ತದೆ.

ಕೈಗೆ ಟಕ್ ಎಂದು ಬಡಿದರೆ ಎಳೆಯಬೇಡಿ. ಬಿಗಿಯಾಗುವವರೆಗೆ ಕಾಯಿರಿ.

ಮೊದಲ ಹನ್ನೊಂದು ರಾತ್ರಿ ನನಗೆ ಟಕ್ ಮಾತ್ರ ಸಿಕ್ಕಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವುದು ಎನ್ನುತ್ತಾರಲ್ಲ, ಅದನ್ನು ನಾನು ಉಪ್ಪುನೀರಿನಲ್ಲಿ, ಆಮದು ಹುಣಸೆಹಣ್ಣಿನಲ್ಲಿ ಮಾಡಿದೆ.

ದೋಷ ಮತ್ತು ಪರಿಹಾರ

ನೂಲು ಗಂಟಾದರೆ: ಕತ್ತರಿಸಿ. ಬಿಡಿಸುತ್ತ ಕೂತರೆ ಭರತಿಯೂ ಇಳಿತವೂ ಆಗಿಹೋಗುತ್ತದೆ.

ಬಾಲ ಮಾಯವಾದರೆ: ಯಾವುದೋ ಸಣ್ಣ ಮೀನು ಕಡಿದುಕೊಂಡು ಹೋಗಿದೆ. ಹೊಸದು ಹಾಕಿ. ಒಂದು ಪೊಟ್ಟಣದ ದುಡ್ಡಿಗೆ ಮೀನುಪೇಟೆಯಲ್ಲಿ ಏನೇನು ಬರುತ್ತಿತ್ತೆಂದು ಲೆಕ್ಕ ಹಾಕಬೇಡಿ.

ಪೊಲೀಸರು ಬಂದರೆ: ಬಂದೇ ಬರುತ್ತಾರೆ. 2008ರ ನವೆಂಬರಿನ ದಾಳಿಯ ನಂತರ ಈ ಕರಾವಳಿಯಲ್ಲಿ ರಾತ್ರಿ ನೀರಿನ ಅಂಚಿಗೆ ನಿಂತವನನ್ನು ಮಾತಾಡಿಸದೆ ಹೋಗುವುದಿಲ್ಲ, ಹೋಗಲೂಬಾರದು. ಗುರುತಿನ ಚೀಟಿ ಜೇಬಿನಲ್ಲಿರಲಿ. ನನ್ನ ಸಂಭಾಷಣೆಯನ್ನು ಮಾದರಿಗೆಂದು ಕೊಟ್ಟಿದ್ದೇನೆ.

"ಕಾಯ್ ಪಕಡ್ತಾಯ್?"

"ಮಾಸೇ, ಸಾಹೇಬ್."

"ಕಿತೀ ಮಿಳಾಲೇ?"

"ಏಕಹೀ ನಾಹೀ."

ಹವಾಲ್ದಾರರು ಯೋಚಿಸಿದರು. ಒಂದೂ ಸಿಕ್ಕಿಲ್ಲವೆಂದಾದರೆ ಮೀನು ಹಿಡಿಯುತ್ತಿದ್ದೀರಿ ಎನ್ನುವುದಕ್ಕೆ ಏನು ಸಾಕ್ಷಿ? ನಾನು ಜೇಬಿನಿಂದ ರಬ್ಬರ್ ಮೀನು ತೆಗೆದು ಸಾಕ್ಷಿ ಹೇಳಿಸಿದೆ. ಅವರು ಟಾರ್ಚಿನ ಬೆಳಕಿನಲ್ಲಿ ತಿರುಗಿಸಿ ಮುರುಗಿಸಿ ನೋಡಿ, ಇದು ಪ್ಲಾಸ್ಟಿಕ್ ಅಲ್ಲವೇ, 2018ರಿಂದ ರಾಜ್ಯದಲ್ಲಿ ಪ್ಲಾಸ್ಟಿಕ್ ಬಂದಿ ಇರುವುದು ಗೊತ್ತಿಲ್ಲವೇ ಎಂದರು. ಆ ಬಂದಿ ಕೈಚೀಲ, ತಟ್ಟೆ, ಲೋಟ, ಥರ್ಮೊಕೋಲಿಗೆ ಎಂದು ನಾನು ಹೇಳಲಾರಂಭಿಸಿದಾಗ ಅವರ ಮೀಸೆಯಡಿ ನಗು ಕಂಡಿತು. ಹತ್ತು ನಿಮಿಷದಲ್ಲಿ ಕೋಲು ಅವರ ಕೈಯಲ್ಲಿತ್ತು. ಸಾತಾರದ ಕಡೆಯವರು, ಚಿಕ್ಕಂದಿನಲ್ಲಿ ಕೃಷ್ಣಾ ನದಿಯಲ್ಲಿ ಗಾಳ ಹಾಕಿದ್ದರಂತೆ. ಅವರ ಮೂರನೆಯ ಎಸೆತ ನನ್ನ ಹನ್ನೊಂದು ರಾತ್ರಿಗಳ ಎಲ್ಲ ಎಸೆತಗಳಿಗಿಂತ ದೂರ ಹೋಯಿತು.

ಮೀನು ಕಚ್ಚದಿದ್ದರೆ: ಮುಂದಿನ ಭಾಗ ನೋಡಿ.

ಖಾತರಿ

ಕೈಪಿಡಿಯ ಮುಖಪುಟದಲ್ಲಿ ನಾನು ಹಿಡಿದುಕೊಂಡಿರುವ ಬ್ರೀಮಿನ ಚಿತ್ರ ಕೇವಲ ಉದಾಹರಣೆಗೆ. ಅದರ ವಿವರ ಹೀಗಿದೆ.

ಹನ್ನೆರಡನೆಯ ರಾತ್ರಿ, ಹುಣ್ಣಿಮೆಯ ಮರುದಿನ. ಇಳಿತ ಶುರುವಾಗಿ ಎರಡು ಗಂಟೆ ಕಳೆದಿತ್ತು. ಬೆಳಗಿನ ದಂಧೆಗೆ ಹೊರಟ ಒಬ್ಬ ಕೋಳಿ ಹೆಂಗಸು ಜೆಟ್ಟಿಯ ಮೇಲೆ ಬುಟ್ಟಿ ಇಳಿಸಿ, ಬಿಚ್ಚಿಟ್ಟ ನನ್ನ ಪೊಟ್ಟಣ ನೋಡಿದರು. ಒಂದನ್ನು ಎತ್ತಿ ಹಿಚುಕಿದರು, ಮೂಸಿದರು. ಅಜ್ಜಿಯದೇ ಎರಡು ಬೆರಳು. "ಕೇವ್ಢ್ಯಾಲಾ?" ಎಂದರು, ಎಷ್ಟಕ್ಕೆ ಎಂದು. ಹೇಳಿದೆ. ಒಂದು ಕ್ಷಣ ನನ್ನ ಮುಖವನ್ನೇ ನೋಡಿ, ಆಮೇಲೆ ಜೆಟ್ಟಿಯ ಕಂಬ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ ಬುಟ್ಟಿಯಿಂದ ಒಂದು ಹಿಡಿ ಕೋಲಂಬಿ, ಅಂದರೆ ನಮ್ಮ ಚಟ್ಲಿ, ಇನ್ನೂ ಮಿಡಿಯುತ್ತಿದ್ದವು, ನನ್ನ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳಕ್ಕೆ ಹಾಕಿದರು. ದುಡ್ಡು ಕೊಡಲು ಹೋದರೆ ಬೇಡವೆ ಬೇಡ ಎಂದರು. ಅಷ್ಟು ಕೊಟ್ಟು ಇದನ್ನು ತಂದಿದ್ದೀಯ, ಇನ್ನು ನಿನ್ನ ಹತ್ತಿರ ಏನು ತೆಗೆದುಕೊಳ್ಳಲಿ ಎಂಬ ಹಾಗಿತ್ತು ಆ ಕೈ.

ಬೆಳಿಗ್ಗೆ ಮೊದಲ ಗಾಡಿಯ ಲಗೇಜ್ ಡಬ್ಬಿಯಲ್ಲಿ, ಬುಟ್ಟಿಗಳ ನಡುವೆ ಕೂತು, ಊರಿಗೆ ಫೋನು ಮಾಡಿದೆ. ಅಜ್ಜಿ ಎದ್ದಿರುವ ಹೊತ್ತು.

"ಅಜ್ಜಿ, ಸಿಕ್ತ್. ಮುಕ್ಕಾಲು ಕಿಲೋ."

"ಏರ್ ನೀರಂಗಾ, ಇಳಿ ನೀರಂಗಾ?"

"ಇಳಿ ನೀರಂಗೆ. ಎರಡ್ ತಾಸಾದ್ಮೇಲೆ."

"ಹೆಂಗ್ ಕಚ್ತ್?"

ಹೇಳಿದೆ. ಮೊದಲು ಒಂದು ಸಲ ಟಕ್ ಎಂದಿತು. ಸುಮ್ಮನಿದ್ದೆ. ಬಿಟ್ಟು ಹೋಯಿತೇನೋ ಎಂದುಕೊಳ್ಳುವಷ್ಟರಲ್ಲಿ ಮತ್ತೆ ಬಂದು ಟಕ್ ಟಕ್ ಎಂದಿತು, ಆಮೇಲೆ ಕೋಲು ಬಗ್ಗಿತು.

ಅತ್ತ ಕಡೆ ಅಜ್ಜಿ ಎಲೆ ಅಡಿಕೆ ಅಗಿಯುವ ಸದ್ದು.

"ಚಟ್ಲಿ ಹಾಕಿದ್ಯಾ?"

ನಾನು ಏನೂ ಹೇಳಲಿಲ್ಲ. ಗಾಡಿ ತುರ್ಭೆ ದಾಟುತ್ತಿತ್ತು.

"ಎರಡನೇ ಸಲ ಯಾರ್ ಬತ್ರ್ ಮಗಾ, ರಬ್ಬರ್ ತಿಂಬುಕೆ?"

ಎರಡನೆಯ ಮುದ್ರಣದಲ್ಲಿ ಈ ಪುಟವನ್ನು ತೆಗೆದುಹಾಕಲಾಗುವುದು.